ಹದಿನೆಂಟು ಹಸಿರು ಡಬ್ಬಿ

ಉಗಾರದ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸತ್ತೆವ್ವನ ಅಡುಗೆಮನೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಅಷ್ಟರಲ್ಲೇ ಮೂವರ ಸಂಸಾರದ ಕಾಳುಕಡಿಯೆಲ್ಲ ಇರಬೇಕು. ಬೇಳೆ ಗಡಿಗೆಯಲ್ಲಿ, ಬೆಲ್ಲ ಡಾಲ್ಡಾ ಡಬ್ಬಿಯಲ್ಲಿ, ಸಕ್ಕರೆ ಬಾಯಿ ಕಟ್ಟಿದ ಅರಿವೆ ಚೀಲದಲ್ಲಿ, ಉಪ್ಪು ಕಲ್ಲಿನ ಮರಿಗೆಯಲ್ಲಿ. ನೋಡಿದವರು ಇದೇನು ಸಂತೆಯೋ ಎನ್ನುತ್ತಿದ್ದರು. ಅನ್ನಲಿ. ಸತ್ತೆವ್ವನ ಕೈಗೆ ಅದರ ಮೂಲೆಮೂಲೆಯೂ ಗೊತ್ತಿತ್ತು.

ಕೈಗೆ ಗೊತ್ತಿರದೆ ಗತಿಯೂ ಇರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎದುರಿಗೆ ಬಂದವರು ಯಾರೆಂದು ಹೆಜ್ಜೆಯ ಸಪ್ಪಳದಿಂದ ತಿಳಿಯುತ್ತಿದ್ದಳು. ಇದನ್ನು ಮಗ ಬಾಳುಗೂ ಹೇಳಿರಲಿಲ್ಲ. ಸೊಸೆ ದ್ರೌಪದಿಗಂತೂ ಸುತರಾಂ ಹೇಳಿರಲಿಲ್ಲ. ತೆಲಸಂಗದಲ್ಲಿದ್ದ ಸತ್ತೆವ್ವನ ಅಕ್ಕ ಹೀಗೇ ಕಣ್ಣು ಮಂಜಾಯಿತೆಂದು ಬಾಯಿಬಿಟ್ಟಿದ್ದಳು. ಮರುದಿನದಿಂದಲೇ ಸೊಸೆಯಂದಿರು ಆಕೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಕೂತಲ್ಲಿಗೇ ತಾಟು ತಂದಿಡತೊಡಗಿದರು. ದಿನಾ ಬೆಳಿಗ್ಗೆ ಹಿಟ್ಟು, ಬೇಳೆ ಅಳೆದು ಸೊಸೆಯ ಕೈಗೆ ಕೊಡುವವಳು ಮನೆಯ ಯಜಮಾನತಿ. ಆ ಅಳತೆ ಕೈಬಿಟ್ಟರೆ ತಾನೂ ಕಟ್ಟೆಯ ಮೇಲಿನ ಮುದುಕಿಯೇ ಎಂದು ಸತ್ತೆವ್ವ ಹೆದರಿದ್ದಳು.

ದ್ರೌಪದಿ ಸದಲಗಾದ ಹೈನಿನ ಮನೆಯ ಹುಡುಗಿ. ಹಾಲಿನ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕಿ ಬೆಳೆದವಳಿಗೆ ಈ ಸಂತೆ ಹೇಗೆ ಸೈರಣೆಯಾಗಬೇಕು? ಇಲಿ ಸಕ್ಕರೆ ಚೀಲ ಕಡಿದ ದಿನವೇ ಟೊಂಕ ಕಟ್ಟಿದಳು. ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನಿಗೆ ಒಂದು ಭರಣಿ ಉಪ್ಪಿನಕಾಯಿ ಕೊಟ್ಟು, ಖಾಲಿಯಾದ ಐದು ಕಿಲೋ ಎಣ್ಣೆಯ ಡಬ್ಬಿಗಳನ್ನು ತಂದಳು. ಹದಿನೆಂಟು, ಎಲ್ಲವೂ ಒಂದೇ ಅಳತೆಯವು. ಸೋಡಾ ಹಾಕಿದ ಕುದಿನೀರಿನಲ್ಲಿ ತೊಳೆದು, ಕೈ ಕೊಯ್ಯದಂತೆ ಅಂಚು ಮಡಿಚಿ, ತಗಡಿನ ಮುಚ್ಚಳ ಹೊಂದಿಸಿ, ಬಿಸಿಲಿಗಿಟ್ಟಳು. ಕ್ವಾರ್ಟರ್ಸಿನ ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣವನ್ನು ಬೇಡಿ ತಂದು ಬಳಿದಳು. ಮುರಿದ ಚಕ್ಕಡಿಯ ಹಲಗೆಗಳಿಂದ ಮೂರು ಸಾಲಿನ ಮಾಡವೂ ಆಯಿತು. ಸಾಲಿಗೆ ಆರು ಡಬ್ಬಿ. ನೋಡಲು ಬಂದ ನೆರೆಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು.

ಸತ್ತೆವ್ವ ಮಾಡ ತಡವಿದಳು. ಎಲ್ಲಿ ಕೈಯಿಟ್ಟರೂ ಅದೇ ಡಬ್ಬಿ.

"ಇಷ್ಟ್ಯಾಕ ಮಾಡಾಕ ಹ್ವಾದಿ ಬೇ? ಮೊದಲ ಚಲೋ ಇತ್ತಲ್ಲ," ಎಂದಳು.

"ಇಲಿ ಕಾಟ ತಪ್ಪತೈತ್ರಿ ಅತ್ತಿ. ಬೇಕಾದ್ದು ತಟ್ಟನ ಸಿಗತೈತಿ," ಎಂದಳು ದ್ರೌಪದಿ, ಹಿಗ್ಗಿನಿಂದ.

ಯಾರಿಗೆ ಸಿಗುತ್ತದೆ ಎಂದು ಕೇಳುವಂತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಲೆಂದೇ ಈ ಹುಡುಗಿ ಇದನ್ನೆಲ್ಲ ಹೂಡಿದ್ದಾಳೆ ಎಂದು ಸತ್ತೆವ್ವನ ಮನಸ್ಸು ಹುಳಿಯಾಯಿತು. ಆದರೆ ಸೋಲುವ ಪೈಕಿಯಲ್ಲ ಅವಳು. ಮನೆಯಲ್ಲಿ ಯಾರೂ ಇಲ್ಲದಾಗ ಮಾಡದ ಮುಂದೆ ಕೂತು ಪಾಠ ಮಾಡಿಕೊಂಡಳು. ಅಲ್ಲಾಡಿಸಿದರೆ ತೊಗರಿಬೇಳೆ ಒಂದು ದನಿ, ಕಡಲೆ ಇನ್ನೊಂದು ದನಿ. ಖಾರಪುಡಿ, ಜೀರಿಗೆ ಮೂಗಿಗೆ ಸಿಕ್ಕವು. ಉಳಿದದ್ದು ಉಪ್ಪು ಮತ್ತು ಸಕ್ಕರೆ. ಇವಕ್ಕೆ ವಾಸನೆಯಿಲ್ಲ. ದ್ರೌಪದಿ ಉಪ್ಪನ್ನು ಕುಟ್ಟಿ ಜರಡಿ ಹಿಡಿದು ತುಂಬುತ್ತಿದ್ದುದರಿಂದ ಬೆರಳಿಗೂ ಎರಡೂ ಒಂದೇ. ಅದಕ್ಕೆ ನಾಲಿಗೆಯೇ ದಾರಿ: ಒಂದು ಹರಳು ಬಾಯಿಗೆ ಹಾಕಿಕೊಂಡು ಮುಂದಿನ ಕೆಲಸ. ಹೀಗೆ ನಾಲ್ಕು ತಿಂಗಳು ನಡೆಯಿತು, ಯಾರಿಗೂ ಸುಳಿವು ಹತ್ತಲಿಲ್ಲ.

ಎಂಬತ್ತೇಳರ ದೀಪಾವಳಿ ಅಮಾವಾಸ್ಯೆಗೆ ದ್ರೌಪದಿಯ ತಂದೆ ಧೂಳಪ್ಪ ಮಗಳನ್ನು ತವರಿಗೆ ಕರೆಯಲು ಬಂದ. ಲಕ್ಷ್ಮೀ ಪೂಜೆಯ ನೈವೇದ್ಯಕ್ಕೆ ಶಿರಾ. ಅದು ಯಾವತ್ತೂ ಸತ್ತೆವ್ವನ ಕೈಯದೇ. ದ್ರೌಪದಿ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ಸತ್ತೆವ್ವ ತುಪ್ಪದಲ್ಲಿ ರವೆ ಹುರಿದು, ಮೇಲಿನ ಸಾಲಿನ ಎರಡನೆಯ ಡಬ್ಬಿ ಇಳಿಸಿಕೊಂಡಳು. ಅಭ್ಯಾಸದಂತೆ ಹರಳು ನಾಲಿಗೆಯ ಬಳಿಗೆ ಹೋದದ್ದು ಅಲ್ಲೇ ನಿಂತಿತು. ದೇವರಿಗೆ ತೋರಿಸುವ ಮೊದಲು ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ಎರಡನೆಯದು ಸಕ್ಕರೆಯದೇ ಅಲ್ಲವೇ, ದಿನಾ ಇರುವ ಜಾಗವದು ಎಂದುಕೊಂಡು ಎರಡು ಬಟ್ಟಲು ಸುರಿದಳು. ಹಬ್ಬಕ್ಕೆಂದು ಅಂದು ಬೆಳಿಗ್ಗೆ ದ್ರೌಪದಿ ಮಾಡ ಒರೆಸಿ ಡಬ್ಬಿಗಳನ್ನು ತಿರುಗಿ ಜೋಡಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

ಪೂಜೆಯಾಗಿ ತಾಟು ಹಾಕಿದರು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಕಟ್ಟಿದವನು ಆ ಶಿರಾ ತಿಂದಿರಲಿಲ್ಲ. ಪ್ರಸಾದ ಬಿಡಬಾರದು, ಬೀಗರ ಮನೆಯದಂತೂ ಬಿಡಲೇಬಾರದು. ಧೂಳಪ್ಪ ಮೊದಲ ತುತ್ತನ್ನು ಅರ್ಧ ತಂಬಿಗೆ ನೀರಿನೊಡನೆ ನುಂಗಿದ. "ಭಾಳ ಚಲೋ ಆಗೈತ್ರಿ," ಎಂದ ಅವನ ಕಣ್ಣಲ್ಲಿ ನೀರಿತ್ತು. ಬಾಳುಗೆ ಅಷ್ಟು ಮರ್ಯಾದೆಯಿಲ್ಲ. ಥೂ ಎಂದು ಎದ್ದೇಬಿಟ್ಟ.

"ಉಪ್ಪು! ಬರೇ ಉಪ್ಪು!"

ದ್ರೌಪದಿ ಒಂದು ಚೂರು ಬಾಯಿಗಿಟ್ಟುಕೊಂಡು, "ನಂದ ತಪ್ಪ್ರಿ. ಮುಂಜಾನಿ ಡಬ್ಬಿ ಅದಲು ಬದಲು ಇಟ್ಟೇನಿ," ಎಂದಳು.

"ಅದಕ್ಕ ಬ್ಯಾಡ ಅಂದಿದ್ದೆ ಈ ಡಬ್ಬಿ ಹುಚ್ಚು!" ಬಾಳು ಕೂಗಿದ. "ನಾಳೆನ ಎಲ್ಲಾ ಮೋಡಕಾ ಸಾಮಾನಿನವಗ ತೂಕಕ್ಕ ಹಾಕ್ತೀನಿ. ಹಬ್ಬದ ದಿನ ಲಕ್ಷ್ಮಿಗಿ ಉಪ್ಪಿನ ನೈವೇದ್ಯ!"

ಧೂಳಪ್ಪನಿಗೆ ಅಳಿಯನ ಮುಂದೆ ತಲೆ ಎತ್ತದಂತಾಯಿತು. "ಇದನ್ನ ಕಲಿಸಿ ಕಳಿಸೇವೇನ್ ನಿನಗ? ಅತ್ತಿ ಕಾಲು ಮುಟ್ಟು," ಎಂದು ಮಗಳಿಗೆ ಗದರಿದ.

ಸತ್ತೆವ್ವ ಸುಮ್ಮನೆ ಕೂತಿದ್ದರೆ ಸಾಕಿತ್ತು. ನಾಳೆ ಡಬ್ಬಿಗಳು ಹೋಗುತ್ತವೆ, ಗಡಿಗೆ, ಚೀಲ, ಮರಿಗೆ ತಿರುಗಿ ತಮ್ಮ ಜಾಗಕ್ಕೆ ಬರುತ್ತವೆ, ಅಳತೆ ತನ್ನ ಕೈಯಲ್ಲೇ ಉಳಿಯುತ್ತದೆ. ಬೇಡಿಕೊಂಡಿದ್ದರೂ ಲಕ್ಷ್ಮಿ ಇಷ್ಟು ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಸೊಸೆಯ ಕೈ ತನ್ನ ಪಾದಕ್ಕೆ ತಾಗಿತು. ಸತ್ತೆವ್ವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕಿದೇನೂ ತಪ್ಪಿಲ್ಲ," ಎಂದಳು. "ಮುಚ್ಚಳ ತಗದ್ರ ಉಪ್ಪ ಯಾವ್ದು, ಸಕ್ರಿ ಯಾವ್ದು, ಕಣ್ಣಿದ್ದವರಿಗಿ ಕಾಣ್ತೈತಿ. ನನಗ ಕಾಣಂಗಿಲ್ಲ. ಎರಡು ವರ್ಷಾತು."

ಬಾಳು ಯಾಕೆ ಹೇಳಲಿಲ್ಲ, ಯಾಕೆ ಮುಚ್ಚಿಟ್ಟೆ ಎಂದು ಎಗರಾಡಿದ. ಹಬ್ಬ ಮುಗಿಯುತ್ತಲೇ ಮಿರಜಿನ ಕಣ್ಣಿನ ಆಸ್ಪತ್ರೆಗೆ ತಾನೂ ಜೊತೆಗೆ ಬರುತ್ತೇನೆಂದು ಧೂಳಪ್ಪ ಹೇಳಿದ. ದ್ರೌಪದಿ ಮಾತ್ರ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದೇ ಸತ್ತೆವ್ವನಿಗೆ ಹೆಚ್ಚು ಚುಚ್ಚಿತು.

ಮರುದಿನ ಬೆಳಗಾದರೂ ಸತ್ತೆವ್ವ ಕೌದಿಯೊಳಗಿಂದ ಏಳಲಿಲ್ಲ. ದ್ರೌಪದಿ ಬಂದು ನಿಂತಳು.

"ಏಳ್ರಿ ಅತ್ತಿ. ಅವರ ಡ್ಯೂಟಿಗಿ ಹೊತ್ತಾತು. ಹಿಟ್ಟು, ಬ್ಯಾಳಿ ಅಳದ ಕೊಡ್ರಿ."

"ನೀನ ಅಳಕೊ. ಕುರುಡಿ ಕೈಯಾಗೇನೈತಿ."

ದ್ರೌಪದಿಗೆ ತಡೆದಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು. "ಕುದಿಯೋ ಎಸರಿನ ಮುಂದ ಎರಡು ವರ್ಷ ಹಂಗ ಕುಂತ್ರಿ. ಮೈಮ್ಯಾಲೆ ಬಿದ್ದಿದ್ರ? ನನಗೊಂದು ಮಾತು ಹೇಳಬಾರದಿತ್ತೇನ್ರಿ? ನಾ ಏನ್ ತೆಲಸಂಗದವರಂಗ ನಿಮ್ಮನ್ನ ಹೊರಗ ಕೂಡಸ್ತಿದ್ನಿ?"

ಕೂಡಿಸುತ್ತಾಳೆ ಎಂದೇ ಸತ್ತೆವ್ವ ತಿಳಿದಿದ್ದಳು, ಅದಕ್ಕೀಗ ನಾಚಿಕೆಯಾಗುತ್ತಿತ್ತು.

ದ್ರೌಪದಿ ಅತ್ತೆಯ ರಟ್ಟೆ ಹಿಡಿದೆಬ್ಬಿಸಿ ಮಾಡದ ಮುಂದೆ ಕೂಡಿಸಿದಳು. ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಮುಂದಿಟ್ಟು, ಖಾರ ಅರೆಯುವ ಗುಂಡುಕಲ್ಲನ್ನು ಅವಳ ಕೈಗೆ ಕೊಟ್ಟಳು.

"ಮಿರಜಿಗಿ ಹೋಗಿ ಬರೂತನಕ ಕೈಗಿ ಗುರ್ತು ಬೇಕಲ್ರಿ. ಯಾವ ಡಬ್ಬಿಗಿ ಎಲ್ಲಿ ತಗ್ಗು ಬೇಕು, ನೀವ ಬಡೀರಿ."

"ಹೊಸಾ ಬಣ್ಣ ಹಾಳಾಗತೈತಲ್ಲ ಬೇ!"

"ಆಗ್ಲಿ ಬಿಡ್ರಿ."

ದಿನಾ ಸಂಜೆ ಸೊಸೆ ಈ ಡಬ್ಬಿಗಳನ್ನು ಸೆರಗಿನಿಂದ ಒರೆಸುವ ಸಪ್ಪಳವನ್ನು ಸತ್ತೆವ್ವ ಕೇಳಿದವಳೇ. ಇನ್ನೊಂದು ಕೈಯನ್ನು ಬಣ್ಣದ ಮೇಲೆ ಒಮ್ಮೆ ಆಡಿಸಿದಳು.

"ಮೊದಲ ಉಪ್ಪಿಂದು ಕೊಡು," ಎಂದಳು ಕೊನೆಗೆ, ಮತ್ತು ಹಿಂದಿನ ದಿನದ ಹಗೆಯನ್ನೆಲ್ಲ ಸೇರಿಸಿ ಅದಕ್ಕೆ ಮೂರು ಏಟು ಹಾಕಿದಳು. ಸದ್ದಿಗೆ ಇಡೀ ಸಾಲಿನ ಮನೆಗಳು ಎಚ್ಚರಾದವು.

"ಏನಾಗಾಕತ್ತೈತಿ ಒಳಗ?" ಹೊರಗಿನಿಂದ ಬಾಳು ಕೂಗಿದ.

"ಏನಿಲ್ರಿ," ಎಂದಳು ದ್ರೌಪದಿ, ಸಕ್ಕರೆ ಡಬ್ಬಿಯನ್ನು ಅತ್ತೆಯ ಮುಂದಕ್ಕೆ ಸರಿಸುತ್ತ. "ಅತ್ತಿ ತಮ್ಮ ಅಡಗಿ ಮನಿ ಜೋಡಸಾಕತ್ತಾರ."