ವರ್ನಾಳಿಗಾಗಿ ಪ್ರಾರ್ಥನೆ

ವರ್ನಾ ಸ್ಟಾಕ್‌ಡೆಲ್ ಕಾನ್ಸಾಸಿನ ಗೋಧಿ ಸೀಮೆಯಿಂದ ಇಪ್ಪತ್ತನಾಲ್ಕು ವರ್ಷ ರಾಜ್ಯದ ಸೆನೆಟಿಗೆ ಗೆದ್ದು ಹೋದವಳು. ತೆರಿಗೆ ಏರಬಾರದು, ಬಂದೂಕಿನ ತಂಟೆಗೆ ಬರಬಾರದು, ಹೆಣ್ಣು ಮನೆ ಬಿಟ್ಟರೆ ದೇಶ ಕೆಟ್ಟಿತು ಎಂದು, ತನ್ನ ಮನೆಯಿಂದ ಇನ್ನೂರು ಮೈಲಿ ದೂರದ ರಾಜಧಾನಿಯಲ್ಲಿ ನಿಂತು ಗಂಟಲು ಹರಿಯುವಂತೆ ಸಾರಿದವಳು. ಆ ಸೀಮೆಯಲ್ಲಿ ಗೆಲ್ಲುವುದು ಯಾವಾಗಲೂ ಒಂದೇ ಪಕ್ಷ, ನವೆಂಬರಿನ ಚುನಾವಣೆ ಬರೀ ನೆಪ. ಆಗಸ್ಟಿನಲ್ಲಿ ಆ ಪಕ್ಷದ ಟಿಕೆಟ್ಟು ಯಾರಿಗೆಂದು ಜನ ಹಾಕುವ ಓಟೇ ಓಟು. ಈ ಸಲ ಅದರಲ್ಲಿ ಅವಳೆದುರು ನಿಂತವಳು ಕೇಲಿನ್ ರೌಶ್. ಟೈಪಿಸ್ಟಾಗಿ ಬಂದವಳಿಗೆ ಭಾಷಣ ಬರೆಯುವುದರಿಂದ ಹಿಡಿದು ಕೈಕುಲುಕುವುದರವರೆಗೆ ಕಲಿಸಿದ್ದು ವರ್ನಾಳೇ.

ಓಟಿಗೆ ಇನ್ನು ಎರಡು ವಾರವಿದ್ದಾಗ, ಬುಧವಾರ ಬೆಳಿಗ್ಗೆ, ಚರ್ಚಿನ ಹೆಂಗಸರ ಪ್ರಾರ್ಥನಾ ಕೂಟ ಸೇರಿತು, ವರ್ನಾಳೂ ಇದ್ದಳು. ಒಬ್ಬಳು ತಂಗಿಯ ಮಂಡಿನೋವಿಗೆ, ಇನ್ನೊಬ್ಬಳು ಅಳಿಯನ ಕೆಲಸಕ್ಕೆ ಬೇಡಿಕೊಂಡಾದ ಮೇಲೆ ಕೇಲಿನ್ ಎದ್ದಳು.

"ನಮ್ಮ ವರ್ನಾ ಮೇಡಂಗೋಸ್ಕರ ಬೇಡ್ಕೊಳ್ಳೋಣ. ಪಾಪ, ಇತ್ತೀಚೆಗೆ ತುಂಬಾ ಮರೆವು. ಅವರಾಗಿ ಬಾಯ್ಬಿಟ್ಟು ಹೇಳಲ್ಲ."

ಹತ್ತಾರು ಕೈಗಳು ವರ್ನಾಳ ಹೆಗಲ ಮೇಲೆ ಬಿದ್ದವು. ಪ್ರಾರ್ಥನೆಯ ನಡುವೆ ಎದ್ದು ಸುಳ್ಳು ಎನ್ನುವಂತಿಲ್ಲ. ಅಂದುಬಿಟ್ಟರೆ ಆ ಸಿಟ್ಟೂ ಕಾಯಿಲೆಯ ಲೆಕ್ಕಕ್ಕೇ. ಈ ಉಪಾಯ ಅವಳಿಗೆ ಹೊಸದೇನಲ್ಲ. ತನ್ನ ಮೊದಲ ಚುನಾವಣೆಯಲ್ಲಿ, ಆಗಿನ ಸೆನೆಟರ್ ಓರ್ವಲ್ ಟೀಗ್‌ನ ಕುಡಿತ ಬಿಡಿಸಪ್ಪಾ ದೇವರೇ ಎಂದು ಇದೇ ಕೋಣೆಯಲ್ಲಿ ಕಣ್ಣೀರು ಹಾಕಿದ್ದವಳು ಅವಳೇ. ಓರ್ವಲ್ ಒಂದು ಹನಿ ಮುಟ್ಟಿದವನಲ್ಲ. ಅದನ್ನು ನಗುನಗುತ್ತಾ ಕೇಲಿನ್‌ಗೆ ಹೇಳಿಕೊಟ್ಟವಳೂ ಅವಳೇ. ಈಗ ಅವಳಿಗೆ ನಗು ಬರಲಿಲ್ಲ.

ಸಂಜೆಯೊಳಗೆ ಸುದ್ದಿ ಫೋನಿನಿಂದ ಫೋನಿಗೆ ಹೋಯಿತು. ಮಾರನೆಯ ದಿನದಿಂದ ಊಟ ಬರತೊಡಗಿತು, ಕಾಯಿಲೆಯವರ ಮನೆಗೂ ಸಾವಾದ ಮನೆಗೂ ಕಳಿಸುವ ಊಟ: ಗಾಜಿನ ಪಾತ್ರೆಯಲ್ಲಿ ಕೋಳಿ, ನೂಡಲ್ಸು, ಮೇಲೆ ಕರಗಿದ ಚೀಸು, ಪಾತ್ರೆಯ ತಳದಲ್ಲಿ ಟೇಪಿನ ಮೇಲೆ ಕೊಟ್ಟವರ ಹೆಸರು. ಗಂಡ ಮರ್ಲ್ ಬಾಗಿಲಲ್ಲಿ ನಿಂತು ಇಸಿದುಕೊಂಡು ಎರಡೆರಡು ಸಲ ಬಡಿಸಿಕೊಂಡು ತಿಂದ. ಒಟ್ಟು ಹನ್ನೊಂದು ಪಾತ್ರೆ. ಕೇಲಿನ್ ಕೂಡ ಒಂದು ತಂದು ಮರ್ಲ್ ಕೈಗೆ ಕೊಟ್ಟು ಹೋಗಿದ್ದಳು, ನೀಲಿಯದು.

ವರ್ನಾಳ ಸೊಕ್ಕು ಆಗ ತಲೆಗೇರಿತು. ಪಾತ್ರೆಗಳನ್ನು ಬಿಸಿನೀರಲ್ಲಿ ನೆನೆಸಿ, ಹೆಸರಿನ ಟೇಪುಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದಳು. ನೆನಪು ಹೋಗಿದೆಯಂತೆ, ನೋಡಲಿ.

ಓಟಿನ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು.

"ಚೀಟಿ ಗೀಟಿ ಏನಿಲ್ಲ, ತಿರುಗಿಸಿ ನೋಡ್ಕೊಳ್ಳಿ," ಎಂದಳು. "ಡೊರೀನ್, ತಗೋ ನಿಂದು, ಉಪ್ಪು ಜಾಸ್ತಿಯಾಗಿತ್ತು. ಗ್ಲೆಂಡಾ, ನಿಂದು ಅಂಚು ಒಡೆದಿದೆ, ನಾನಲ್ಲ ಒಡೆದಿದ್ದು."

ಜನ ನಕ್ಕರು. ಹತ್ತೂ ಸರಿಯಾದವು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಕೊನೆಗೆ ನೀಲಿ ಪಾತ್ರೆಯನ್ನು ಎತ್ತಿ ಕೇಲಿನ್ ಕೈಗಿಟ್ಟಳು.

ಕೇಲಿನ್ ಅದನ್ನು ತಿರುಗಿಸಿ ನೋಡಿದಳು. ಮುಖ ಬಾಡಿಸಿಕೊಂಡಳು. "ಇದು ನಂದಲ್ಲ ಮೇಡಂ," ಎಂದಳು ಮೆಲ್ಲಗೆ. "ನಾನು ಏನೂ ಕಳಿಸೇ ಇಲ್ಲ. ಪರವಾಗಿಲ್ಲ, ಇಟ್ಕೋತೀನಿ ಬಿಡಿ."

"ನಿಂದೇ ಕಣೇ."

"ಆಯ್ತು ಮೇಡಂ, ನಂದೇ." ಕೇಲಿನ್ ಅವಳ ಬೆನ್ನು ಸವರಿದಳು.

ಚಪ್ಪಾಳೆ ತಟ್ಟಿದವರು ಕಣ್ಣು ತಗ್ಗಿಸಿದರು. ವರ್ನಾ ಸಭಾಂಗಣದ ಆ ಕಡೆ ನಿಂತಿದ್ದ ಮರ್ಲ್‌ನತ್ತ ನೋಡಿದಳು. ಅವನೊಬ್ಬನೇ ಸಾಕ್ಷಿ. ಅವನು ಕಾಫಿ ಕುಡಿಯುತ್ತಿದ್ದ.

ಕಾರಿನಲ್ಲಿ ಕೂತ ಮೇಲೆ ಕೇಳಿದಳು. "ಆ ನೀಲಿ ಪಾತ್ರೆ ನೀನೇ ತಾನೆ ಅವಳ ಕೈಯಿಂದ ಇಸ್ಕೊಂಡಿದ್ದು?"

"ಹೂಂ. ಅವಳದ್ದೇ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

ಮರ್ಲ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇಪ್ಪತ್ನಾಲ್ಕು ವರ್ಷ ಒಬ್ನೇ ಕೂತು ಉಂಡಿದೀನಿ ವರ್ನಾ. ನಾಡಿದ್ದು ನನ್ನ ಓಟೂ ಅವಳಿಗೇ."