ಎದುರುಗಾಳಿಯಲ್ಲಿ ನಿಪ್ಪಾಣಿ

ಬೆಳಿಗ್ಗೆ ಕಾರಿನ ಪರದೆಯ ಮೇಲೆ ಇನ್ನೂರ ನಲವತ್ತು ಕಿಲೋಮೀಟರ್ ಎಂದಿತ್ತು. ರಾತ್ರಿಯೆಲ್ಲ ಚಾರ್ಜ್ ಆಗಿದ್ದರೆ ಮುನ್ನೂರರ ಮೇಲೆ ಇರಬೇಕಿತ್ತು. ವೃಷಭ ಚಾರ್ಜರಿನ ತಂತಿ ಕೈಯಲ್ಲಿ ಹಿಡಿದು ಕಟ್ಟೆಯ ಮೇಲಿನ ಸ್ವಿಚ್ ಬೋರ್ಡ್ ನೋಡಿದ. ಮೇನ್ ಆರಿತ್ತು.

"ಆಯಿ, ರಾತ್ರಿ ಮೇನ್ ತಗದಿ ಏನು?"

ಅವನ ಅಜ್ಜಿ ಗಂಗೂಬಾಯಿ ಬಾಗಿಲಲ್ಲಿ ಕೂತು ಚಪ್ಪಲಿ ಹುಡುಕುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

"ಲೈಟಿಗೆ ಹುಳಾ ಮುತ್ತಿದ್ದುವಪಾ. ಸುಟ್ಟ ಸುಟ್ಟ ಬೀಳಾಕತ್ತಿದ್ದು. ಯಾವ ಗುಂಡಿ ಯಾವುದರದ್ದು ಅಂತ ನನಗೇನ ಗೊತ್ತು? ದೊಡ್ಡದ ಆರಿಸಿದ್ನಿ."

"ಅದಕ್ಕ ಗಾಡಿನೂ ಹಚ್ಚಿದ್ನಿ."

"ಗಾಡಿ ನಾಳೆ ತಿಂತೈತಿ. ಹುಳದ ಜೀವ ನಾಳೆ ಬರತೈತೇನು?"

ವೃಷಭ ತಂತಿ ಸುತ್ತಿ ಡಿಕ್ಕಿಗೆ ಹಾಕಿದ. ಜೈನರಾದ ಅವರ ಮನೆಯಲ್ಲಿ ಮಳೆಗಾಲದಲ್ಲಿ ಹೊರಗಿನ ದೀಪ ಹಚ್ಚುವುದೇ ಅಪರೂಪ. ಹೊಸ ಕಾರಿಗಾಗಿ ವೃಷಭ ಅಲ್ಲೊಂದು ದೊಡ್ಡ ಬಲ್ಬು ಹಾಕಿಸಿದ್ದ.

ಅಥಣಿ ಆಚೆಯ ಹಳ್ಳಿಯಲ್ಲಿ ಆಯಿಯ ತಮ್ಮ ಭೀಮಗೊಂಡ ಇದ್ದ. ಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದು ವಾರವಾಗಿತ್ತು. ಹೋಗಿ ಬರಲು ಹೆಚ್ಚು ಕಡಿಮೆ ಇನ್ನೂರು ಕಿಲೋಮೀಟರ್. ಇನ್ನೂರ ನಲವತ್ತರಲ್ಲಿ ಇನ್ನೂರು ಹೋದರೆ ನಲವತ್ತು ಉಳಿಯುತ್ತದೆ. ವೃಷಭನ ಡ್ರಿಪ್ ಪೈಪಿನ ಅಂಗಡಿಗೆ ಭಾನುವಾರ ಮಾತ್ರ ರಜೆ. ಆಯಿಯೂ ಆಗಲೇ ಸೆರಗು ಸರಿಪಡಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ವೃಷಭನ ಹೆಂಡತಿ ಪ್ರಾಜಕ್ತಾ ಕಿಟಕಿಯ ಹತ್ತಿರ ಬಂದಳು. "ಏನ್ರಿ, ನಿನ್ನೆ ಚತುರ್ದಶಿ. ಆಯಿ ನೀರೂ ಕುಡದಿಲ್ಲ. ಹೊತ್ತು ಮುಳಗೂದ್ರಾಗ ತಂದ ಬಿಡಬೇಕು ನೋಡ್ರಿ."

"ಮೂರಕ್ಕ ಇಲ್ಲಿರತೀವಿ."

"ನಿಮ್ಮ ಮೂರು ನನಗೊತ್ತೈತಿ."

ಎಂಟು ವರ್ಷಗಳ ಹಿಂದೆ ಗಂಡ ತೀರಿಕೊಂಡ ಮೇಲೆ ಆಯಿ ವ್ರತ ಹಿಡಿದಿದ್ದಳು. ದಿನಕ್ಕೆ ಒಂದೇ ಊಟ. ನೀರೂ ಆ ಊಟದ ಜೊತೆಗೇ. ನೀರನ್ನು ಬಾವಿಯಿಂದ ಸೇದಿ ಬಟ್ಟೆಯಲ್ಲಿ ಸೋಸಿರಬೇಕು, ಹಿಟ್ಟು ಮನೆಯ ಬೀಸುಕಲ್ಲಿನದಾಗಿರಬೇಕು, ಅಡುಗೆಯನ್ನು ಮಡಿಯುಟ್ಟು ಮಾಡಿರಬೇಕು, ಒಲೆಯ ಮುಂದೆಯೇ ಕೂತು ಉಣ್ಣಬೇಕು. ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುವಂತಿಲ್ಲ. ಹೊತ್ತು ಮುಳುಗಿದರೆ ಆ ದಿನ ಊಟವಿಲ್ಲ, ನೀರಿಲ್ಲ. ನಿನ್ನೆ ಉಪವಾಸವಾದ್ದರಿಂದ ಅವಳ ಬಾಯಿಗೆ ಕೊನೆಯ ಹನಿ ಬಿದ್ದದ್ದು ಮೊನ್ನೆ. ಅವಳಿಗೆ ಎಪ್ಪತ್ತಾರು ವರ್ಷ. ಹೋದ ವರ್ಷ ಹೀಗೆಯೇ ಎರಡು ದಿನ ಕೂಡಿ ಬಂದಾಗ ಬಚ್ಚಲಲ್ಲಿ ಬಿದ್ದು ಆಸ್ಪತ್ರೆ ಸೇರಿದ್ದಳು. ಅಲ್ಲಿ ಸಲೈನ್ ಹಚ್ಚಲು ಬಂದ ನರ್ಸಿನ ಕೈಯನ್ನು ಎರಡು ಸಲ ತಳ್ಳಿದ್ದಳು.

ಹೋಗುವ ದಾರಿ ಸಲೀಸಾಗಿತ್ತು. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ಅಂಕಲಿಯ ಹತ್ತಿರ ಕೃಷ್ಣೆ ದಾಟಿ ಕಾಗವಾಡ. ದಾರಿ ಹೊಳೆಯ ಕಡೆಗೆ ಇಳಿಯುತ್ತ ಹೋಗುತ್ತದೆ. ಎರಡೂ ಕಡೆ ಕಬ್ಬು. ಮಳೆಗಾಲದ ಗಾಳಿ ಪಡುವಣದಿಂದ ಬೀಸಿ ಕಬ್ಬಿನ ಗರಿಗಳನ್ನೆಲ್ಲ ಒಂದೇ ದಿಕ್ಕಿಗೆ ಬಾಗಿಸುತ್ತಿತ್ತು. ಆ ದಿಕ್ಕು ಅವರು ಹೋಗುತ್ತಿದ್ದ ದಿಕ್ಕೇ ಆಗಿತ್ತು. ಅದು ವೃಷಭನಿಗೆ ಹೊಳೆಯಲಿಲ್ಲ. ಪರದೆಯ ಸಂಖ್ಯೆ ರಸ್ತೆಗಿಂತ ನಿಧಾನವಾಗಿ ಇಳಿಯುತ್ತಿತ್ತು. ಅದನ್ನು ಅವನು ಕಾರಿನ ಗುಣ ಎಂದುಕೊಂಡ.

"ನೋಡಿಲ್ಲೆ ಆಯಿ. ತೊಂಬತ್ತು ಕಿಲೋಮೀಟರ್ ಬಂದೀವಿ. ಇದು ಎಪ್ಪತ್ತೈದೇ ಕಳದೈತಿ."

"ಉಳದ ಹದಿನೈದು ಯಾರ ಕೊಟ್ರು?"

"ಯಾರೂ ಕೊಡಲಿಲ್ಲ. ಗಾಡಿ ಚೊಲೋ ಐತಿ."

"ಯಾರೂ ಕೊಡದ ಬಂದಿದ್ದು ನಾ ಎಲ್ಲೂ ನೋಡಿಲ್ಲಪಾ," ಎಂದು ಆಯಿ ಕಿಟಕಿಯ ಕಡೆ ತಿರುಗಿದಳು.

ಭೀಮಗೊಂಡನ ಮನೆಯವರು ರೋಗಿಯನ್ನು ಬಿಟ್ಟು ಕಾರಿನ ಸುತ್ತ ನೆರೆದರು. ಹೊಸ ಗಾಡಿ ನೆಂಟರ ಮನೆಗೆ ಮೊದಲ ಸಲ ಬಂದರೆ ಆರತಿ ಎತ್ತಬೇಕು, ಆರತಿ ಎತ್ತಿದವರನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೊಡೆಯಬೇಕು. ಆರತಿ ಎತ್ತಿದವರು ಎರಡು ಸುತ್ತಿಗೆ ಆಗುವಷ್ಟು ಮಂದಿ ಇದ್ದರು. ಪಕ್ಕದ ಮನೆಯ ಬಾಳಾಸಾಬ ಆರತಿಯಲ್ಲಿ ಇರದಿದ್ದರೂ ಎರಡೂ ಸುತ್ತಿನಲ್ಲಿ ಮುಂದಿನ ಸೀಟಿನಲ್ಲಿ ಕೂತ.

"ಏನ ವೃಷಭ, ಎಣ್ಣಿ ಕುಡಿಯೂದಿಲ್ಲಂತ ನಿನ್ನ ಗಾಡಿ? ನಿಮ್ಮ ಆಯಿಗತೆ ಇದಕ್ಕೂ ವ್ರತ ಐತೇನು?"

"ಕರೆಂಟ್ ಇದ್ರ ಸಾಕ ಕಾಕಾ."

"ಹಂಗಾರ ನಮ್ಮೂರಾಗ ಸಾಯತೈತಿ ಬಿಡು."

ಎ.ಸಿ. ಎಷ್ಟು ತಣ್ಣಗೆ ಮಾಡುತ್ತದೆ ಎಂದು ಬಾಳಾಸಾಬ ಕೇಳಿದ. ವೃಷಭ ತೋರಿಸಿದ. ಎಷ್ಟು ಜೋರು ಓಡುತ್ತದೆ ಎಂದು ಕೇಳಿದ. ಕೆನಾಲಿನ ದಂಡೆಯ ನೇರ ರಸ್ತೆಯಲ್ಲಿ ಅದನ್ನೂ ತೋರಿಸಿದ. ವಾಪಸು ಬಂದು ಪಡಸಾಲೆಯ ಪ್ಲಗ್ಗಿಗೆ ತಂತಿ ಚುಚ್ಚಿ ಒಳಗೆ ಊಟಕ್ಕೆ ಕೂತ. ಹೋಳಿಗೆ ಇತ್ತು. ಆಯಿ ತಮ್ಮನ ಮಂಚದ ಪಕ್ಕದಲ್ಲಿ ಕೂತು, ಎಲ್ಲರೂ ಉಣ್ಣುವುದನ್ನು ನೋಡದೆ ಅವನ ಕಾಲು ಒತ್ತುತ್ತಿದ್ದಳು.

"ಅಕ್ಕಾ, ನಮ್ಮ ಮನಿ ಬಾವಿ ನೀರೂ ಬಾವಿ ನೀರ ಹೌದಲ್ಲ?" ಎಂದ ಭೀಮಗೊಂಡ.

"ನಿನ್ನ ಬಾವಿಗೆ ಮೋಟಾರ ಕುಂತೈತಿ. ಮೀನು ಹುಳ ಎಷ್ಟ ತಿರುವೈತೋ ಅದು."

ನಾಲ್ಕರ ಹತ್ತಿರ ವೃಷಭ ಹೊರಗೆ ಬಂದು ಕಾರು ನೋಡಿದ. ಚಾರ್ಜ್ ಏರಿರಲಿಲ್ಲ. ಹೊಲಗಳಿಗೆಲ್ಲ ತ್ರೀ ಫೇಸ್ ಬಿಡುವ ಹೊತ್ತು. ಊರಿನ ಪಂಪುಗಳೆಲ್ಲ ಒಮ್ಮೆಗೆ ಎಳೆದು ಮನೆಗಳ ಬಲ್ಬು ಕೆಂಪಗಾಗಿದ್ದವು. ಅಷ್ಟು ಕಡಿಮೆ ವೋಲ್ಟೇಜಿಗೆ ಕಾರು ಬಾಯಿಯನ್ನೇ ತೆರೆದಿರಲಿಲ್ಲ. ಪರದೆ ನೂರ ಇಪ್ಪತ್ತೆಂಟು ಎಂದಿತ್ತು. ಮನೆ ತೊಂಬತ್ತೆಂಟು ಕಿಲೋಮೀಟರ್ ದೂರ. ಮೂವತ್ತು ಉಳಿಯುತ್ತದೆ. ಹಿಂದೆ ಡಿಕ್ಕಿಯಲ್ಲಿ ಭೀಮಗೊಂಡನ ಮನೆಯವರು ಬೆಲ್ಲದ ಭಾರವಾದ ಅಚ್ಚು, ಒಂದು ಪೆಂಟೆ, ಇಟ್ಟಿದ್ದರು. ಬೇಡವೆಂದರೆ ಮುನಿಯುತ್ತಾರೆ.

ಕಾಗವಾಡ ಬರುವ ಹೊತ್ತಿಗೆ ಉಳಿಯಬೇಕಿದ್ದ ಮೂವತ್ತು ಹದಿಮೂರಾಗಿತ್ತು.

ಈಗ ಕಬ್ಬಿನ ಗರಿಗಳು ಅವರ ಕಡೆಗೆ ಬಾಗಿದ್ದವು. ಗಾಳಿ ಕಾರಿನ ಮೂತಿಯನ್ನು ಹಿಡಿದು ತಳ್ಳುತ್ತಿರುವುದು ಸ್ಟೇರಿಂಗಿನಲ್ಲಿ ತಿಳಿಯುತ್ತಿತ್ತು. ಮೋಡ ಕವಿದು ಹೊತ್ತು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಅವರಿಗೆ ಸಿಕ್ಕಿದ್ದ ಹದಿನೈದನ್ನು ರಸ್ತೆ ಬಡ್ಡಿ ಸಮೇತ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ವೃಷಭ ಎ.ಸಿ. ಆರಿಸಿದ. ಜಿಟಿಜಿಟಿ ಮಳೆಗೆ ಗಾಜು ಒಳಗಿನಿಂದ ಮಸುಕಾಯಿತು. ಕಿಟಕಿ ಇಳಿಸಿದರೆ ಗಾಳಿ ಒಳಗೆ ತುಂಬಿ ಇನ್ನೂ ಎಳೆಯುತ್ತದೆ. ಆಯಿ ಸೆರಗಿನಿಂದ ಅವನ ಮುಂದಿನ ಗಾಜು ಒರೆಸಿದಳು. ಒರೆಸಿದ ಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಏದುಸಿರು ಬಿಟ್ಟಳು.

ಅರವತ್ತರಲ್ಲಿ ಹೋದರೆ ಪರದೆಯ ಸಂಖ್ಯೆ ರಸ್ತೆಗಿಂತ ಬೇಗ ಇಳಿಯುತ್ತಿತ್ತು. ನಲವತ್ತರಲ್ಲಿ ಹೋದರೆ ರಸ್ತೆಯ ಜೊತೆ ಇಳಿಯುತ್ತಿತ್ತು. ಆದರೆ ನಲವತ್ತರಲ್ಲಿ ಹೋದರೆ ಹೊತ್ತು ಮುಳುಗುತ್ತದೆ. ಅವನು ಅರವತ್ತಕ್ಕೆ ಏರಿಸುತ್ತಿದ್ದ, ಸಂಖ್ಯೆ ನೋಡುತ್ತಿದ್ದ, ನಲವತ್ತಕ್ಕೆ ಇಳಿಸುತ್ತಿದ್ದ, ಮೋಡ ನೋಡುತ್ತಿದ್ದ.

ಪ್ರಾಜಕ್ತಾಳ ಫೋನು ಬಂತು. "ಎಲ್ಲಿ ಅದೀರಿ?"

"ಅಂಕಲಿ ದಾಟೀವಿ."

"ಮೂರು ಆತೇನ್ರಿ?"

ಅವನು ಮತ್ತೆ ಅರವತ್ತಕ್ಕೆ ಏರಿಸಿದ.

"ನಾ ಮತ್ತೊಮ್ಮಿ ಮೈತೊಳಕೊಂಡ ಒಲಿ ಹಚ್ಚಾಕತ್ತೀನಿ. ಬರ್ರಿ ಲಗೂ."

ಚಿಕ್ಕೋಡಿಗೆ ಬಂದಾಗ ಆರು ದಾಟಿತ್ತು. ಪರದೆ ಇಪ್ಪತ್ತಾರು ಎಂದಿತ್ತು. ನಿಪ್ಪಾಣಿ ಅಷ್ಟೇ ದೂರ, ಅದೂ ಏರು. ಊರ ಹೊರಗಿನ ಪೆಟ್ರೋಲ್ ಪಂಪಿನಲ್ಲಿ ಚಾರ್ಜರ್ ಇತ್ತು. ಅದಕ್ಕೆ ಆಗಲೇ ಒಂದು ಕಾರು ಹಚ್ಚಿ, ಅದರ ಧಣಿ ಸೀಟು ಹಿಂದಕ್ಕೆ ಮಾಡಿ ಮಲಗಿದ್ದ. ವೃಷಭ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಕೂತ.

"ಯಾಕ ನಿಂತಿ?"

"ಲೆಕ್ಕ ಹಾಕಾಕತ್ತೀನಿ."

"ಮುಂಜಾನಿಂದ ಹಾಕಾಕತ್ತೀ." ಆಯಿಯ ತುಟಿ ಬಿಳಿಚಿಕೊಂಡು ಅಂಚು ಒಡೆದಿತ್ತು. ಮಾತಿನ ನಡುವೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವ ಸದ್ದು ಕೇಳಿಸುತ್ತಿತ್ತು. "ಅದು ನಿಪ್ಪಾಣಿ ಬಸ್ಸೇನು?"

ಕೆಂಪು ಬಸ್ಸು ಸ್ಟ್ಯಾಂಡಿನಿಂದ ಹೊರಬರುತ್ತಿತ್ತು.

"ಹೌದು."

"ಹಾರ್ನ್ ಹೊಡಿ."

"ಆಯಿ, ಬಸ್ಸಿನ್ಯಾಗ ಗದ್ದಲ ಇರತೈತಿ, ನೀ..."

"ಹೊಡಿಯೋ ಹುಚ್ಚಾ!"

ಅವನು ಹಾರ್ನ್ ಹೊಡೆದ. ಆಯಿ ಬಾಗಿಲು ತೆಗೆದು ರಸ್ತೆಯ ನಡುವೆ ಕೈ ಎತ್ತಿ ನಿಂತಾಗಿತ್ತು. ಬಸ್ಸು ನಿಂತಿತು. ಕಂಡಕ್ಟರ್ ಅವಳ ರಟ್ಟೆ ಹಿಡಿದು ಮೇಲೆ ಎಳೆದುಕೊಂಡ.

"ಆಧಾರ ಕಾರ್ಡ್ ಐತೇನ ಆಯಿ?"

ಅವಳು ಸೊಂಟದ ಚೀಲದಿಂದ ಕಾರ್ಡು ತೆಗೆದಳು. ಕಂಡಕ್ಟರ್ ಅದನ್ನೂ, ಹೊಳೆಯುವ ಕಾರನ್ನೂ ನೋಡಿದ.

"ಇಂಥಾ ಗಾಡಿ ಬಿಟ್ಟು ಫುಕಟ್ ಬಸ್ಸಿಗೆ ಬಂದ್ರಲ್ಲ?"

"ಗಾಡಿ ದಣದೈತಿ. ಬಿಡು ನಿನ್ನ ಬಸ್ಸು."

ವೃಷಭ ಬಸ್ಸಿನ ಹಿಂದೆಯೇ ಹೊರಟ. ಹಿಂದಿನ ಗಾಜಿನಲ್ಲಿ ಆಯಿಯ ತಲೆ ಕಾಣುತ್ತಿತ್ತು. ಯಾರೋ ಎದ್ದು ಜಾಗ ಕೊಟ್ಟಿದ್ದರು. ಬಸ್ಸು ಪ್ರತಿ ಹಳ್ಳಿಯ ತಿರುವಿನ ಫಾಟಾಕ್ಕೂ ನಿಲ್ಲುತ್ತಿತ್ತು. ಅವನೂ ನಿಲ್ಲುತ್ತಿದ್ದ. ಒಂದು ಫಾಟಾದಲ್ಲಿ ಹೆಂಗಸೊಬ್ಬಳು ಮೇವಿನ ಹೊರೆಯನ್ನು ಹತ್ತಿಸುವ ಬಗ್ಗೆ ಕಂಡಕ್ಟರನೊಂದಿಗೆ ಮರಾಠಿಯಲ್ಲಿ ಜಗಳ ತೆಗೆದಳು. ಹೊರೆ ಕೊನೆಗೆ ಹತ್ತಿತು. ಅಷ್ಟರಲ್ಲಿ ಮೋಡ ಒಂದು ಬಣ್ಣ ಕಳೆದುಕೊಂಡಿತ್ತು.

ಅರ್ಧ ದಾರಿಯಲ್ಲಿ ವೃಷಭ ಪರದೆ ನೋಡಿದ. ಸಂಖ್ಯೆ ಇಳಿಯುವುದನ್ನು ಬಿಟ್ಟಿತ್ತು. ಬಸ್ಸಿನ ಬೆನ್ನಿನ ಹಿಂದೆ ಗಾಳಿಯೇ ಇರಲಿಲ್ಲ. ಇಡೀ ಎದುರುಗಾಳಿಯನ್ನು ಬಸ್ಸು ತನ್ನ ಅಗಲವಾದ ಮುಖಕ್ಕೆ ತೆಗೆದುಕೊಂಡು ಅವನಿಗೆ ದಾರಿ ಬಿಡುತ್ತಿತ್ತು. ಹನ್ನೆರಡು ಕಿಲೋಮೀಟರ್ ದಾರಿ ಇತ್ತು, ಹತ್ತೊಂಬತ್ತು ಕಿಲೋಮೀಟರ್ ಚಾರ್ಜ್ ಇತ್ತು. ಏರಿನಲ್ಲೂ ಆಯಿಯನ್ನು ಕೂರಿಸಿಕೊಂಡು ಈಗ ಅರವತ್ತು, ಎಪ್ಪತ್ತರಲ್ಲಿ ಹೋಗಬಹುದಿತ್ತು. ಅವನು ಹಾರ್ನ್ ಹೊಡೆದ. ನಿಲ್ಲಿಸೆಂದು ದೀಪ ಮಿನುಗಿಸಿದ. ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗು ಎಂದು ಸನ್ನೆ ಮಾಡಿದ. ಆಯಿ ಹಿಂದಿರುಗಿ ನೋಡಲಿಲ್ಲ. ಉಳಿದ ದಾರಿಯಲ್ಲಿ ಇಳಿಯುವವರು, ಹತ್ತುವವರು ಯಾರೂ ಇರದೆ ಬಸ್ಸು ಎಲ್ಲೂ ನಿಲ್ಲಲಿಲ್ಲ.

ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿಕೊಂಡು ಮನೆಯ ಓಣಿಗೆ ಬಂದ. ಅಂಗಡಿಗಳ ಬೋರ್ಡುಗಳಿಗೆ ದೀಪ ಹತ್ತಿದ್ದವು. ಪ್ರಾಜಕ್ತಾ ಒದ್ದೆ ಮಡಿಯಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಹಿಂದೆ ಮಣೆ ಹಾಕಿತ್ತು, ತಟ್ಟೆ ಇತ್ತು, ಸೋಸಿದ ನೀರಿನ ತಂಬಿಗೆ ಇತ್ತು.

"ಬರ್ರಿ ಆಯಿ, ಕಾಲ ತೊಳಕೊಂಡ ಕೂಡ್ರಿ. ಮುಳಗಿಲ್ಲ ಇನ್ನೂ. ಕ್ಯಾಲೆಂಡರದಾಗ ಏಳರ ಮ್ಯಾಲ ಐತಿ."

ಆಯಿ ಅಂಗಳದಲ್ಲೇ ನಿಂತಳು. ಹೊತ್ತು ಕಾಣದ ದಿನ ಅವರ ಮನೆತನದಲ್ಲಿ ಕ್ಯಾಲೆಂಡರ್ ನೋಡುವುದಿಲ್ಲ. ಬಯಲಿನಲ್ಲಿ ನಿಂತು ಅಂಗೈ ನೋಡಿಕೊಳ್ಳುತ್ತಾರೆ. ಅಂಗೈಯ ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಆಯಿ ಅಂಗೈ ಮುಖದ ಹತ್ತಿರ ತಂದಳು, ದೂರ ಹಿಡಿದಳು. ಅವಳ ಕಣ್ಣಿಗೆ ನಡುಹಗಲಿನಲ್ಲೂ ಗೆರೆ ಕಾಣುತ್ತಿರಲಿಲ್ಲ. ಕೈಯನ್ನು ವೃಷಭನ ಮುಂದೆ ಚಾಚಿದಳು.

"ನೋಡಪಾ. ಗೆರಿ ಕಾಣತಾವೇನು?"

ಪ್ರಾಜಕ್ತಾ ಹೊಸ್ತಿಲಿನಿಂದ ಅವನನ್ನೇ ನೋಡುತ್ತಿದ್ದಳು. ತಲೆಯನ್ನು ಒಂದು ಕೂದಲೆಳೆಯಷ್ಟು ಕೆಳಗೆ ಮೇಲೆ ಆಡಿಸಿದಳು.

ಅವನು ಅಜ್ಜಿಯ ಕೈ ಹಿಡಿದುಕೊಂಡ. ಅದು ಬಿಸಿಯಾಗಿತ್ತು, ಒಣಗಿತ್ತು. ಅಡ್ಡಕ್ಕೆ ಎರಡು ದೊಡ್ಡ ಗೆರೆ ಕಂಡವು. ಹೆಬ್ಬೆರಳಿನ ಬುಡ ಸುತ್ತಿದ ಇನ್ನೊಂದು ಕಂಡಿತು. ಅವುಗಳ ನಡುವೆ ಏನಿದೆಯೋ ಅದೆಲ್ಲ ಬೂದಿ ಬಣ್ಣದಲ್ಲಿ ಕಲಸಿಹೋಗಿತ್ತು. ಹೌದು ಎಂದು ಹೇಳಲು ಇಷ್ಟು ಸಾಕಾಗಿತ್ತು. ಇಡೀ ದಿನ ಕಾರಿನ ಪರದೆಯ ಮೇಲೆ ಅವನು ಇದಕ್ಕಿಂತ ಕಡಿಮೆ ನೋಡಿ ಹೌದು ಎಂದಿದ್ದ.

"ದೊಡ್ಡವು ಕಾಣತಾವ," ಎಂದ.

"ಸಣ್ಣವು?"

ಅವನು ಕೈಯನ್ನು ಆಕಾಶದ ಕಡೆಗೆ ಹೊರಳಿಸಿದ. ಸ್ವಲ್ಪ ಕಾದ. ಕಾದರೆ ಹೆಚ್ಚುವ ಬೆಳಕು ಅದಾಗಿರಲಿಲ್ಲ.

"ಸಣ್ಣವು ಇಲ್ಲ ಆಯಿ."

ಆಯಿ ಕೈ ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಳು.

"ಮುಗೀತ ಹಂಗಾರ," ಎಂದಳು. ಹೊಸ್ತಿಲಿನ ಕಡೆ ತಿರುಗಿ, "ಆ ತಂಬಿಗಿ ಒಳಗಿಡವಾ. ನನ್ನ ಹಾಸಿಗಿ ನಡುಮನಿಯಾಗ ಹಾಸು. ಬಚ್ಚಲ ಕಡೆ ಬ್ಯಾಡ."

ಅವಳು ಗೋಡೆ ಹಿಡಿದು ನಡೆದಳು. ವೃಷಭ ರಟ್ಟೆಗೆ ಕೈ ಕೊಡಲು ಹೋದ. ಅವಳು ತಳ್ಳಲಿಲ್ಲ, ಅವನ ಕೈಯ ಮೇಲೆ ತನ್ನ ಪೂರ್ತಿ ಭಾರ ಹಾಕಿದಳು. ಅದು ಬೆಲ್ಲದ ಪೆಂಟೆಗಿಂತ ತುಸುವೇ ಹೆಚ್ಚು ಇದ್ದಂತಿತ್ತು. ಅಡುಗೆಮನೆಯಲ್ಲಿ ಪ್ರಾಜಕ್ತಾ ಒಲೆಯ ಕಟ್ಟಿಗೆಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆಯುತ್ತಿರುವುದು ಕೇಳಿಸಿತು.