ಕಡೆಗೆ ಬರುವ ಬೆಳಕು

"ಮುಖ ಒಂದ್ಸಲ ತೋರಸ್ರಿ!" ಎಂದು ಕೂಗುತ್ತ ಲುಂಬಿನಿ ಓಡಿಬಂದಾಗ ಅಪ್ಪನ ಮೇಲೆ ಮೊಣಕಾಲುದ್ದ ಮಣ್ಣು ಬಿದ್ದಾಗಿತ್ತು. ಪುಣೆಯಿಂದ ವಾಡಿಗೆ ಬರುವ ರೈಲು ಮೂರು ತಾಸು ತಡ. ಏಪ್ರಿಲ್ ಬಿಸಿಲಿನಲ್ಲಿ ಹೆಣ ಇಟ್ಟುಕೊಂಡು ಯಾರಾದರೂ ಎಷ್ಟು ಹೊತ್ತು ಕಾಯುತ್ತಾರೆ? ರಾವೂರದ ಗಣಿಯಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಪರಸಿಕಲ್ಲು ಎಬ್ಬಿಸಿದ ನಾಮದೇವ ಈಗ ಮಣ್ಣೊಳಗಿದ್ದ.

ಮನೆಗೆ ಬಂದು ಎಲ್ಲರೂ ಕೈಕಾಲು ತೊಳೆದು ಕೂತರು. ಅಪ್ಪನ ಜೊತೆ ಗಣಿಯಲ್ಲಿ ದುಡಿದಿದ್ದ ಚಿತ್ತಾಪುರದ ಸಾಯಬಣ್ಣ ಚಹಾ ಮುಟ್ಟಲಿಲ್ಲ.

"ಮುಂಜಾನಿ ಏಳಕ್ಕ ನಮ್ಮೂರ ಬಸ್‌ಸ್ಟ್ಯಾಂಡಿನ್ಯಾಗ ನಾಮದೇವ ಸಿಕ್ಕಿದ್ದ. 'ಲುಂಬಿನಿ ಬಂದಾಳೇನು?' ಅಂತ ಕೇಳ್ದ. ಆಮ್ಯಾಲ ಫೋನ್ ಬಂತು, ಐದಕ್ಕೇ ಜೀವ ಹೋತು ಅಂತ."

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಗುಲಾಮ್ ರಸೂಲ್ ಚಹಾದ ಬಸಿ ಕೆಳಗಿಟ್ಟ. "ಏಳಕ್ಕ ನನ್ನ ಮಷಿನ್ ಹತ್ರ ನಿಂತಿದ್ದನಲ್ಲೋ! ನನಗೂ ಅದೇ ಕೇಳ್ದ. ಆದ್ರ ಗಣ್ಯಾಗ ಕಲ್ಲ ಬಡದಿದ್ದ ಆ ಹಳೇ ಗಾಯ ಬಲಗಣ್ಣ ಮ್ಯಾಲಿತ್ತು."

"ಹುಚ್ಚೇನು? ಅದು ಎಡಗಣ್ಣ ಮ್ಯಾಲಲ್ಲ?" ಎಂದ ಸಾಯಬಣ್ಣ.

"ಅದಕ್ಕೇ ಅಂಜೀನಿ."

ಅವ್ವ ಪೀರಮ್ಮ ತಲೆ ಎತ್ತಲಿಲ್ಲ. "ಏಳಕ್ಕೇ ನಾನೂ ಕಂಡೆ, ನಳದ ಹತ್ರ. ಹೆಣ ಒಳಗಿತ್ತು."

ಲುಂಬಿನಿ ಬೆರಳು ಮಡಚಿ ಎಣಿಸಿದಳು: ಒಂದೇ ಹೊತ್ತಿಗೆ ಮೂರು ಕಡೆ.

*

ಹೋದ ವರ್ಷ ಬುದ್ಧ ಪೂರ್ಣಿಮೆಗೆ ಅವಳು ಪುಣೆಯ ಖಗೋಳ ಸಂಸ್ಥೆಯಿಂದ ಊರಿಗೆ ಬಂದಾಗ "ದಿನಾ ಏನ್ ನೋಡ್ತೀ ಅಲ್ಲಿ?" ಎಂದು ಅಪ್ಪ ಕೇಳಿದ್ದ. ಅವಳು ಗಾಜಿನ ಲೋಟದ ತಳವನ್ನು ಮೇಣದಬತ್ತಿಯ ಮುಂದೆ ಹಿಡಿದಳು. ಒಂದೇ ಜ್ವಾಲೆ ನಾಲ್ಕಾಯಿತು.

"ಗ್ಯಾಲಕ್ಸಿಗಳ ಗುಂಪಿನ ಭಾರಕ್ಕ ಬೆಳಕೂ ಬಾಗ್ತದಪ್ಪ. ಹಿಂದಿರೋ ಒಂದೇ ಗ್ಯಾಲಕ್ಸಿ ನಾಕ ಕಡೆ ಕಾಣ್ತದ. ಒಂದೊಂದು ಕನ್ನಡ್ಯಾಗಿನಂಗ ಎಡಬಲ ತಿರುವಿರ್ತದ. ಹಾದಿ ಉದ್ದಿದ್ದದ್ದು ಭಾಳ ತಡ ಮಾಡಿ ಬರ್ತದ."

"ಅದು ಬರೂತನ ಯಾರರ ಕಾಯ್ತಾರೇನು?"

"ಕಾಯೋದೇ ನನ್ನ ಕೆಲಸ."

ಹೋದ ವಾರ ಅಪ್ಪ ಉಬ್ಬಸದಲ್ಲೇ ಫೋನ್ ಮಾಡಿ "ಬಾ" ಅಂದಿದ್ದ. ಕೆಲಸ ಮುಗಿಸಿ ಬರ್ತೀನಿ ಎಂದು ಇಟ್ಟುಬಿಟ್ಟಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ಸಂಜೆಯಾದರೂ ಅವಳು ಹೊಸ್ತಿಲು ಬಿಡಲಿಲ್ಲ.

"ಒಳಗ ಬಾ, ಧೂಳ ಬರಾಕತ್ತದ," ಎಂದಳು ಪೀರಮ್ಮ.

"ಮೂರೇ ಆಗ್ಯಾವವ್ವ. ತಡ ಮಾಡಿ ಬರೋದು ಇನ್ನೊಂದು ಅದ."

ಅಪ್ಪನ ತಂಗಿ ಸುಮಂಗಲಾ ಚಿಂಚೋಳಿ ಬಸ್ಸಿನಿಂದ ಒಬ್ಬಳೇ ಇಳಿದಳು. ಎರಡು ದಿನದಿಂದ ಅವಳ ಫೋನು ಬಂದ್. ಸಾವಿನ ಸುದ್ದಿ ಮುಟ್ಟಿರಲಿಲ್ಲ. ಕಾಯಿಲೆಯ ಅಣ್ಣನಿಗೆಂದು ಮೋಸಂಬಿ ತಂದಿದ್ದಳು. ದಾರಿಯ ನಡುವೆ ನಿಂತು, ಪಕ್ಕಕ್ಕೆ ಹೊರಳಿ ನಕ್ಕು, ಮನೆಯ ಕಡೆ ಬೆರಳು ತೋರಿಸಿದಳು.

"ಎಷ್ಟ ಸಲ ಕೇಳ್ತೀ ಅಣ್ಣಾ? ಅಗಾ, ಅಲ್ಲೇ ಕುಂತಾಳ ನೋಡು ನಿನ್ನ ಮಗಳು."

ಲುಂಬಿನಿಗೆ ಅಲ್ಲಿ ಯಾರೂ ಕಾಣಲಿಲ್ಲ. ಅವಳು ಎದ್ದು, ತಲೆಯ ಮೇಲಿನ ಓಢಣಿ ಸರಿಸಿ, ಆ ಖಾಲಿ ಜಾಗಕ್ಕೆ ಮುಖ ತೋರಿಸಿಕೊಂಡು ನಿಂತಳು.